ಮರ್ಲಾಳ ಗಾಜಿನ ಪಾತ್ರೆ

“ಕಟ್ಟಿಕೊಂಡವಳು ಎಲ್ಲಿದ್ದಾಳೆ ಅಂತ ಗಂಡನಿಂದ ಮುಚ್ಚಿಡೋಕೆ ಈ ಸರ್ಕಾರ ಯಾವ ದೊಡ್ಡ ದೊಣ್ಣೆನಾಯಕ?”

ನಿಂತ ಟ್ರಕ್ಕಿನೊಳಗೆ ಒಬ್ಬನೇ ಕೂತು ವೆಂಡೆಲ್ ಕೇಳಿದ. ವಿಚ್ಛೇದನವಾದ ಮೇಲೂ ಅವನ ಬಾಯಲ್ಲಿ ಮರ್ಲಾ ಹೆಂಡತಿಯೇ. ಹೊಡೆಯುವ ಗಂಡಂದಿರಿಂದ ತಪ್ಪಿಸಿಕೊಂಡವರಿಗೆ ಕೊಡುವ ಬದಲಿ ವಿಳಾಸವನ್ನು ಅಮೆರಿಕದ ಅಯೋವಾ ರಾಜ್ಯ ಅವಳಿಗೂ ಕೊಟ್ಟಿತ್ತು. ಬ್ಯಾಂಕು, ಶಾಲೆ, ಕೋರ್ಟು ಯಾರನ್ನೇ ಕೇಳಿದರೂ ರಾಜಧಾನಿಯ ಒಂದು ಅಂಚೆಪೆಟ್ಟಿಗೆಯನ್ನು ತೋರಿಸುತ್ತಿದ್ದರು. ಅವಳ ನಿಜವಾದ ಬಾಗಿಲು ಕಂಡರೆ ಸಾಕಿತ್ತು. ಉಳಿದ ಕೆಲಸಕ್ಕೆ ಸೀಟಿನ ಕೆಳಗೆ ಪಿಸ್ತೂಲಿತ್ತು.

ಅವಳ ಅಕ್ಕ ಆರ್ಡಿಸ್‌ಳನ್ನು ಪೆಟ್ರೋಲ್ ಬಂಕಿನಲ್ಲಿ ಅಡ್ಡಗಟ್ಟಿ ನೋಡಿದ್ದ.

“ಎಲ್ಲಿದಾಳೆ?”

“ನೀನು ಮುರಿದ ಕೈ ಕೂಡಿಕೊಳ್ಳೋ ಜಾಗದಲ್ಲಿ ಕಣೋ. ಟ್ರಕ್ ತೆಗಿ. ಇಲ್ಲಾ, ನನ್ನ ಕಾರಿನ ಗಾಜಾದ್ರೂ ಒರೆಸು, ಅಷ್ಟಕ್ಕೆ ಲಾಯಕ್ಕು ನೀನು.”

ಅಂದಿನಿಂದ ಹೊಟ್ಟೆಯೊಳಗೆ ಕೆಂಡ. ಆದರೆ ಕೆಂಡ ಬುದ್ಧಿಯನ್ನು ಸುಡಲಿಲ್ಲ, ಕಾಯಿಸಿತು. ಸರ್ಕಾರ ಕಾಗದಗಳಿಗೆ ಸುತ್ತುದಾರಿ ಹಾಕಿತ್ತು. ಪಾತ್ರೆಗಳಿಗೆ ಹಾಕಿರಲಿಲ್ಲ.

ಮರ್ಲಾಳ ತಾಯಿಯ ನೀಲಿ ಗಾಜಿನ ಪಾತ್ರೆ, ಅದರ ದಪ್ಪ ಬಟ್ಟೆಯ ಚೀಲದ ಸಮೇತ, ಅವನ ಅಡುಗೆಮನೆಯಲ್ಲೇ ಉಳಿದಿತ್ತು. ತಳಕ್ಕೆ ಅಂಟಿಸಿದ ಪಟ್ಟಿಯ ಮೇಲೆ ಮರ್ಲಾಳ ಹೆಸರು. ಚೀಲದ ಹೊಲಿಗೆ ಬಿಚ್ಚಿ, ಎಲ್ಲಿದ್ದರೂ ಫೋನಿಗೆ ಜಾಗ ತಿಳಿಸುವ ಬಿಲ್ಲೆಯೊಂದನ್ನು ಒಳಗಿಟ್ಟು, ಮತ್ತೆ ಹೊಲಿದ. ಚರ್ಚಿನಲ್ಲಿ ಯಾರದೋ ಶವಸಂಸ್ಕಾರದ ಊಟ ಮುಗಿದು ಹೆಂಗಸರು ಮೇಜು ಒರೆಸುತ್ತಿದ್ದಾಗ ಹಿಂಬಾಗಿಲಿನಿಂದ ಹೋಗಿ, ಮನೆಮನೆಯಿಂದ ಅಡುಗೆ ತಂದಿದ್ದ ಪಾತ್ರೆಗಳ ನಡುವೆ ಇಟ್ಟು ಬಂದ. ಹೆಸರಿದ್ದ ಪಾತ್ರೆ ಕೈಯಿಂದ ಕೈಗೆ ದಾಟಿ ಒಡತಿಯನ್ನು ಸೇರಿಯೇ ಸೇರುತ್ತದೆ. ಆ ಹೆಂಗಸರ ಒಳ್ಳೆಯತನವೇ ತನಗೆ ದಾರಿ ತೋರಿಸಲಿದೆ ಎಂದು ನೆನೆದು ಅವನಿಗೆ ನಗು ಬಂತು.

ಫೋನಿನ ಚುಕ್ಕೆ ಮೊದಲು ಆರ್ಡಿಸ್‌ಳ ಮನೆಗೆ ಹೋಯಿತು. ಆಮೇಲೆ ಪಕ್ಕದ ಜಿಲ್ಲೆ ದಾಟಿ, ಮೆಕ್ಕೆಜೋಳದ ಹೊಲಗಳ ನಡುವಿನ ಒಂಟಿ ಬಿಳಿ ಮನೆಯಲ್ಲಿ ನಿಂತಿತು. ಅಲ್ಲಿಂದ ಕದಲಲಿಲ್ಲ. ಎಂಥ ಜಾಗ! ಕೂಗಿದರೆ ಕೇಳುವವರಿಲ್ಲ.

ಮಧ್ಯಾಹ್ನ ಟ್ರಕ್ಕನ್ನು ಹೊಲದಂಚಿಗೆ ಬಿಟ್ಟು, ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲೇರಿದ. ಬಾಗಿಲು ತೆರೆದವಳು ಮರ್ಲಾ ಅಲ್ಲ. ಪಾದ್ರಿಯ ವಿಧವೆ ಮುದುಕಿ ಆರ್ಫಾ, ಮೊಣಕೈವರೆಗೂ ಮೈದಾ ಹಿಟ್ಟು.

“ಬಾಪ್ಪಾ ವೆಂಡೆಲ್. ಷೆರಿಫ್ ನಿನಗೋಸ್ಕರವೇ ಕಾಯ್ತಿದಾರೆ.”

ಹಿಂದಿನಿಂದ ಬಂದ ಪೊಲೀಸರ ಕೈಗಳು ಅವನ ಪಿಸ್ತೂಲನ್ನು ಕಿತ್ತುಕೊಂಡು ಕೋಳ ಬಿಗಿದವು. ಮೇಜಿನ ಮೇಲೆ, ಒಗೆದು ಒಣಗಿಸಿದ ಚೀಲದ ಪಕ್ಕದಲ್ಲಿ, ಬಿಲ್ಲೆ ಇನ್ನೂ ಮಿನುಗುತ್ತಿತ್ತು. ಈ ಸೀಮೆಯಲ್ಲಿ ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಚೀಲ ಒಗೆದು, ಪಾತ್ರೆ ತೊಳೆದು, ಏನಾದರೂ ತುಂಬಿಯೇ ಕಳಿಸಬೇಕು. ಅದಕ್ಕೇ ಆರ್ಡಿಸ್ ಅದನ್ನು ಪೀಚ್ ಹಣ್ಣಿನ ಕಡುಬಿಗೆ ಹೆಸರಾದ ಈ ಮುದುಕಿಗೆ ಕೊಟ್ಟಿದ್ದಳು. ಚೀಲ ಒಗೆಯುವಾಗ ಹೊಲಿಗೆಯೊಳಗಿನ ಬಿಲ್ಲೆ ಆರ್ಫಾಳ ಕೈಗೆ ತಗುಲಿತ್ತು; ಅದುವರೆಗೆ ಆ ಪಾತ್ರೆ ಯಾರ ಮನೆಯಲ್ಲಿತ್ತೆಂದು ಅಕ್ಕನಿಗೆ ಗೊತ್ತಿತ್ತು. ಜೀವಮಾನವಿಡೀ ಅಂಥ ಪಾತ್ರೆಗಳಿಂದ ಉಂಡ ವೆಂಡೆಲ್ ಒಂದನ್ನೂ ತೊಳೆದು ಹಿಂದಿರುಗಿಸಿದವನಲ್ಲ. “ಮರ್ಲಾ ಯಾವ ಊರಲ್ಲಿದಾಳೆ ಅಂತಾದ್ರೂ ಹೇಳಿ ಆರ್ಫಮ್ಮ,” ಎಂದ, ಹಲ್ಲು ಕಚ್ಚಿ. ಅವಳು ಕೈಯ ಹಿಟ್ಟನ್ನು ಕೊಡವಿದಳು. “ಹೇಳಲ್ಲ.”