ಬಚ್ಚಲ ಒಲೆಯ ಮೇಲಿನ ಗುರು

“ರೀ, ನಿಮ್ಮ ಒಲಿ ಸ್ವಲ್ಪ ಆರಸ್ತೀರೇನು? ಗುರು ಕುಣಿಲಿಕ್ಕೆ ಹತ್ಯಾನ!”

ಹಿತ್ತಲ ಗೋಡೆಯಾಚೆಯಿಂದ ಬಂದ ಮಾತಿಗೆ ಬಚ್ಚಲ ಒಲೆ ಊದುತ್ತಿದ್ದ ಶರ್ವರಿ ತಲೆ ಎತ್ತಿದಳು. ಹಿಂದಿನ ಓಣಿಯ ಮಿಲಿಂದ. ಬೈಲಹೊಂಗಲದ ಅರ್ಧ ಮದುವೆಗಳ ಫೋಟೊ ಅವನವೇ. ಸಂಜೆಯಾದರೆ ಟೆಲಿಸ್ಕೋಪಿಗೆ ಕ್ಯಾಮೆರಾ ಸಿಕ್ಕಿಸಿ ಗ್ರಹಗಳ ಫೋಟೊ ತೆಗೆಯುವ ಹುಚ್ಚು. ಒಲೆಯ ಬಿಸಿಗಾಳಿ ಮೇಲೇರಿದರೆ ಗುರುಗ್ರಹ ಕೊಡದ ನೀರಿನಲ್ಲಿ ಕಂಡ ದೀಪದ ಹಾಗೆ ಅಲ್ಲಾಡುತ್ತದಂತೆ.

“ನಮ್ಮ ಅತ್ಯಾನ ಮೊಣಕಾಲಿಗೆ ಬಿಸಿನೀರು ಬೇಕರಿ. ನಿಮ್ಮ ಗುರುಗ ಸುಮ್ನ ಕೂಡು ಅಂತ ಹೇಳ್ರಿ.”

ಅವನು ನಕ್ಕ. ಅವಳು ನಗಲಿಲ್ಲ. ಶರ್ವರಿ ಸುಲಭಕ್ಕೆ ಕರಗುವ ಹುಡುಗಿಯಲ್ಲ. ಆದರೂ ಮರುದಿನ ಒಲೆಯನ್ನು ಬೇಗ ಹಚ್ಚಿ ಬೇಗ ಆರಿಸಿದಳು.

“ಇವತ್ತು ಹೆಂಗ?”

“ಕೆಂಡದ ಕಾವು ಅದರಿ ಇನ್ನೂ.”

ಇನ್ನೊಂದು ದಿನ ಕೆಂಡಕ್ಕೆ ನೀರು ಹೊಯ್ದಳು.

“ಗ್ವಾಡಿ ಕಾದದರಿ.”

“ಗ್ವಾಡಿ ಕಿತ್ತು ಒಳಗ ಇಟಗೊಳ್ಳೇನು?”

“ಕಿತ್ತರ ನಾ ಬ್ಯಾಡ ಅನ್ನೂದಿಲ್ಲ,” ಎಂದ ಮಿಲಿಂದ, ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟುಕೊಂಡೇ. ಅದರ ಮುಚ್ಚಳವನ್ನೇ ತೆಗೆದಿರಲಿಲ್ಲ. ಅವಳು ಅದನ್ನು ನೋಡಿ, ಬೂದಿ ಗೋರತೊಡಗಿದಳು.

ಚಳಿ ಮುಗಿಯುತ್ತ ಬಂತು. ಸೋದರತ್ತೆ ಲೀಲಾಬಾಯಿ ಒಂದು ಮಧ್ಯಾಹ್ನ ಪಂಚಾಂಗ ಮಡಚಿಟ್ಟು, “ನಿನಗೀಗ ಗುರುಬಲ ಅದ. ನಾಳೆ ಮೀರಜದವರು ನೋಡಲಿಕ್ಕೆ ಬರ್ತಾರ. ಒಪ್ಪಿದ್ರ ನಾಳೆನ ನಿಶ್ಚಯ,” ಎಂದರು. ತಾಯಿಯಿಲ್ಲದವಳನ್ನು ಸಾಕಿದ ಅತ್ತೆ. ಅವರ ಮಾತನ್ನು ಶರ್ವರಿ ಎಂದೂ ಮೀರಿದವಳಲ್ಲ. “ಆಗಲಿ” ಎಂದಳು. ಆಮೇಲೆ ಊಟ ಸೇರಲಿಲ್ಲ.

ಬರುವವರಿಗೆ ಕುರ್ಚಿ ಸಾಲುವುದಿಲ್ಲವೆಂದು, ಕೇಳಿ ತರಲು ಸಂಜೆ ಓಣಿ ಸುತ್ತಿಕೊಂಡು ಮಿಲಿಂದನ ಮನೆಗೆ ಹೋದಳು. ಮುಂಬಾಗಿಲಿನಿಂದ ಆ ಮನೆ ಹೊಕ್ಕದ್ದು ಅದೇ ಮೊದಲು. ದೊಡ್ಡ ಅಂಗಳ. ಮೇಲೆ ಗುರು, ಅಡ್ಡ ಒಂದು ಎಲೆಯೂ ಇಲ್ಲ. ಪಡಸಾಲೆಯ ಗೋಡೆಗೆ ಅದೇ ಗುರುವಿನ ಫೋಟೊ. ಪಟ್ಟೆಗಳು ಸಹ ಸ್ಪಷ್ಟ.

“ಇದು ಎಲ್ಲಿಂದ ತಗದದ್ದು?”

“ಈ ಅಂಗಳದಿಂದ. ಹೋದ ವರ್ಷ.”

“ಮತ್ತ ಈ ವರ್ಷ ನಮ್ಮ ಒಲಿ ಮಗ್ಗಲಕ್ಕ ಯಾಕ ಬಂದ್ರಿ?”

ಮಿಲಿಂದ ಎತ್ತಿದ್ದ ಕುರ್ಚಿಯನ್ನು ಕೆಳಗಿಟ್ಟ. “ಒಲಿ ಮುಂದ ನೀವಿರ್ತೀರಲ್ಲ.”

ಶರ್ವರಿಗೆ ಎಲ್ಲಿಲ್ಲದ ಸಿಟ್ಟು ಬಂತು. “ಹುಚ್ಚಪ್ಪಾ! ನಾಳೆ ಮೀರಜದವರು ಬರ್ತಾರ, ಇವತ್ತು ಹೇಳ್ತೀರೇನು? ನನಗೂ ನೀವ ಬೇಕು. ಈಗ ಏನು ಮಾಡೂಣು?”

ಉತ್ತರಕ್ಕೆ ಕಾಯದೆ ಅವಳು ಬರಿಗೈಲಿ ಮನೆಗೆ ಹೋದಳು.

“ಕುರ್ಚಿ ಎಲ್ಲೆ?” ಅಂದರು ಲೀಲಾಬಾಯಿ.

ಶರ್ವರಿ ಒಂದೂ ಮುಚ್ಚಿಡದೆ ಹೇಳಿಬಿಟ್ಟಳು. ಅತ್ತೆ ಬೈಯಲಿಲ್ಲ. ಕೋಲು ಹಿಡಿದು, ಮೊಣಕಾಲು ನೀವಿಕೊಳ್ಳುತ್ತ, ಅವಳೊಂದಿಗೆ ಓಣಿ ಸುತ್ತಿ ಮಿಲಿಂದನ ಅಂಗಳಕ್ಕೆ ಬಂದರು. ಟೆಲಿಸ್ಕೋಪು ಅಷ್ಟರಲ್ಲಿ ಅಂಗಳಕ್ಕೆ ಬಂದಿತ್ತು.

“ತೋರಸು ನೋಡೋಣು, ನಿನ್ನ ಗುರುನ್ನ.” ಬಗ್ಗಿ ನೋಡಿದರು. “ಅಯ್ಯ, ಮಗ್ಗಲಕ್ಕ ನಾಕು ಚುಕ್ಕಿ!”

“ಗುರುವಿನ ಚಂದ್ರರು, ಕಾಕು.”

“ಗುರು ಈಗ ಕುಣೀವಲ್ಲನಲ್ಲೋ?”

“ಇಲ್ಲಿ ಒಲಿ ಇಲ್ರಿ.” ಮಿಲಿಂದನ ತಲೆ ತಗ್ಗಿತು.

ಲೀಲಾಬಾಯಿ ಕೈಮುಗಿದರು. “ಗುರುಬಲ ಬಂದದ್ದು ಖರೆ. ಮೀರಜದವರಿಗೆ ನಾ ಫೋನ್ ಮಾಡ್ತೇನಿ.” ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು.

“ನಾಳೆ ನಿಮ್ಮವ್ವನ್ನ ಕರಕೊಂಡು ಬಾ, ಮಿಲಿಂದಾ. ಮುಂದಿನ ಬಾಗಲದಿಂದ ಬಾ. ಹಿತ್ತಲದಾಗ ನಿಂತದ್ದು ಸಾಕು.”