ಮೂರು ಸಲ ತಟ್ಟಬೇಕಿತ್ತು

ಹೈದರಾಬಾದಿನ ಹೊರವಲಯದ ಆ ಕಾರ್ಖಾನೆಯಲ್ಲಿ ಸ್ವರೂಪಾ ಮತ್ತು ಓದೇಲು ಎರಡು ವರ್ಷದಿಂದ ಜೋಡಿ. ಆದರೆ ಕೆಲಸದ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದು. ಸಣ್ಣ ಮೈಕಟ್ಟಿನ ಅವಳು ಹೆಲಿಕಾಪ್ಟರಿನ ಬಾಲದೊಳಗೆ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿದು ಕೂರಬೇಕು, ಅವನು ಹೊರಗಿನಿಂದ ಗನ್ನಿನಲ್ಲಿ ರಿವೆಟ್ ಮೊಳೆ ಹೊಡೆಯಬೇಕು. ನಡುವೆ ತೆಳ್ಳನೆಯ ತಗಡು. ಅವಳು ಒಳಗಿನಿಂದ ಗಟ್ಟಿಯಲ್ಲಿ ಒಮ್ಮೆ ತಟ್ಟಿದರೆ ಇನ್ನೊಂದು ಸಲ ಹೊಡಿ ಎಂದರ್ಥ. ಎರಡು ತಟ್ಟಿದರೆ ಸರಿಯಾಯಿತು. ಮೂರು ತಟ್ಟಿದರೆ ಕೆಟ್ಟಿತು, ಕಿತ್ತು ಹಾಕು.

ನಿನ್ನೆ ಮಧ್ಯಾಹ್ನ ಓದೇಲು ತಗಡಿನಾಚೆಯಿಂದ ಹಗುರಾಗಿ ಹೇಳಿದ್ದ: "ಭಾನುವಾರ ಸಿರಿಸಿಲ್ಲಕ್ಕೆ ಹೋಗ್ತಿದೀನಿ. ಹುಡುಗಿ ನೋಡೋಕೆ." ಹೇಳಿದವನೇ ಗನ್ ಒತ್ತಿದ.

ಅವಳ ಕೈ ಜಾರಿತು. ಗಟ್ಟಿ ಓರೆಯಾಗಿ ರಿವೆಟ್ಟಿನ ತಲೆ ಒಂದು ಪಕ್ಕಕ್ಕೆ ಚಪ್ಪಟೆಯಾಯಿತು. ಮೂರು ತಟ್ಟಿದರೆ ಏನಾಯಿತೆಂದು ಕೇಳುತ್ತಾನೆ, ಉತ್ತರಿಸಲು ಹೋಗಿ ದನಿ ಒಡೆದರೆ ಗುಟ್ಟೆಲ್ಲ ರಟ್ಟು. ಅವಳು ಎರಡೇ ತಟ್ಟಿದಳು. ಅದು ತಪಾಸಣೆಯವರು ಕನ್ನಡಿ ಹಿಡಿದರೂ ಕಾಣದ ಮೂಲೆ, ಅಲ್ಲಿ ಅವಳ ಕೈಯೇ ಸಾಕ್ಷಿ.

ಇವತ್ತು ಬೆಳಿಗ್ಗೆ ಬಂದು ನೋಡಿದರೆ ಬಾಲಕ್ಕೆ ಚೀಟಿ ನೇತುಹಾಕಿತ್ತು: ಹತ್ತೂವರೆಗೆ ಮುಚ್ಚುವುದು. ಮುಚ್ಚಿದ ಮೇಲೆ ಅಲ್ಲಿಗೆ ಯಾರ ಕೈಯೂ ಹೋಗದು.

ಇದೇ ಊರಿನ ಬಾಲಾನಗರದಲ್ಲಿ ಮೂವತ್ತು ವರ್ಷ ಲೇತ್ ತಿರುಗಿಸಿದ ಅವಳಪ್ಪ, ಕೂದಲೆಳೆಯಷ್ಟು ತಪ್ಪಿದ ವಿಮಾನದ ಬಿಡಿಭಾಗವನ್ನೂ ಬುಟ್ಟಿಗೆಸೆಯುತ್ತಿದ್ದ. 'ಆಕಾಶದಲ್ಲಿ ಗಾಡಿ ಪಕ್ಕಕ್ಕೆ ನಿಲ್ಸೋಕಾಗಲ್ಲ ಕಣೇ' ಎನ್ನುತ್ತಿದ್ದ. ಈ ಊರಿನ ಕೈಗಳನ್ನು ದೇಶ ನಂಬುವುದು ಇದಕ್ಕೇ ಎಂಬ ಹೆಮ್ಮೆ ಅವನಿಗೆ. ಮಗಳು ಈಗ ಆ ಮಾತನ್ನೇ ತಿರುತಿರುಗಿ ನೆನೆಯುತ್ತಿದ್ದಳು. ಹೇಳಿದರೆ, ಮಾಡಿದ ಕೆಲಸಕ್ಕೆ ಸಹಿಯಂತೆ ಒತ್ತುವ ಇಬ್ಬರ ಸ್ಟಾಂಪೂ ಹೋಗುತ್ತದೆ, ತಪ್ಪು ಮಾಡಿದ ಜೋಡಿಯನ್ನು ಇಲ್ಲಿ ಮತ್ತೆ ಕೂಡಿಸುವುದಿಲ್ಲ. ಭಾನುವಾರದ ಮೊದಲೇ ಅವನು ಕೈತಪ್ಪುತ್ತಾನೆ. ಹೇಳದಿದ್ದರೆ ಯಾವ ತಾಯಿಯ ಮಗ ಯಾವ ಮೋಡದಿಂದ ಬೀಳುತ್ತಾನೋ.

ಕ್ಯಾಂಟೀನಿನಲ್ಲಿ ಓದೇಲು ಎಂದಿನಂತೆ ಅಮ್ಮ ಮಾಡಿದ, ಅಕ್ಕಿರೊಟ್ಟಿಯಂಥ ಸರ್ವಪಿಂಡಿ ಮುರಿದು ಅವಳ ಮುಂದಿಟ್ಟ. ಕರುಂ ಕುರುಂ ಎನ್ನುವ ಅಂಚು ಅವಳ ಪಾಲಿಗೆ, ಮೆತ್ತಗಿನ ನಡುಭಾಗ ತನಗೆ. ಅವಳು ಆ ತುಂಡನ್ನು ಬೆರಳಲ್ಲೇ ಪುಡಿಮಾಡುತ್ತ ಕೂತಳು. ಅವನು ಓರೆಗಣ್ಣಲ್ಲಿ ನೋಡಿದ.

"ಯಾಕೆ, ಸಿರಿಸಿಲ್ಲದ ಹುಡುಗಿ ಗಂಟಲಿಗೆ ಸಿಕ್ಕೊಂಡ್ಳಾ?"

ಅವಳು ಎದ್ದು ನಡೆದೇಬಿಟ್ಟಳು.

ಇನ್‌ಸ್ಪೆಕ್ಟರ್ ಭೂಮಯ್ಯನವರು ಕಾಗದಕ್ಕೆ ಸ್ಟಾಂಪ್ ಒತ್ತುವುದರಲ್ಲಿದ್ದರು. ಬೆನ್ನ ಹಿಂದೆ ಓದೇಲುವಿನ ಹೆಜ್ಜೆ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

"ಮುಚ್ಬೇಡಿ ಸಾರ್. ಕೊನೇ ಪಟ್ಟಿ ಹಿಂದೆ ನಾಲ್ಕನೇ ರಿವೆಟ್ ಕೆಟ್ಟಿದೆ. ಗೊತ್ತಿದ್ದೂ ಸರಿ ಅಂದೆ."

ಭೂಮಯ್ಯ ಕನ್ನಡಕ ತೆಗೆದು ಯಾಕೆಂದು ಕೇಳಿದರು.

"ಇವ್ನು ಹುಡುಗಿ ನೋಡೋಕೆ ಹೋಗ್ತೀನಿ ಅಂದ ಸಾರ್. ಕೈ ಜಾರ್ತು."

ಅಕ್ಕಪಕ್ಕದ ಗನ್ನುಗಳೂ ನಿಂತವು. ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಯ್ಯ ಕೈ ಚಾಚಿದರು, ಅವಳು ತನ್ನ ಸ್ಟಾಂಪನ್ನು ಅವರ ಅಂಗೈಗಿಟ್ಟಳು. ಅದರ ಪಕ್ಕದಲ್ಲೇ ಇನ್ನೊಂದು ಬಂದು ಕೂತಿತು.

"ಸುಳ್ಳು ಹೇಳ್ದೋನು ನಾನು ಸಾರ್," ಓದೇಲುವಿನ ಮುಖ ಬಿಳಿಚಿತ್ತು. "ಯಾವ ಹುಡುಗೀನೂ ಇಲ್ಲ. ಇವ್ಳು ಏನಂತಾಳೆ ನೋಡೋಣ ಅಂತ..."

"ಹಾರೋ ವಸ್ತು ಮೇಲೆ ಹುಡುಗಾಟವೇನೋ?" ಭೂಮಯ್ಯ ಸಿಡುಕಿದರು. ಮೂರು ತಿಂಗಳು ಸ್ಟಾಂಪ್ ತಮ್ಮಲ್ಲೇ, ನಾಳೆಯಿಂದ ಬೇರೆ ಬೇರೆ ಲೈನ್ ಎಂದರು. ಕೆಡಿಸಿದವರೇ ಈಗ ತಮ್ಮೆದುರಿಗೇ ಸರಿಮಾಡಬೇಕೆಂದರು.

ಹಳೆಯದನ್ನು ಕೊರೆದು ತೆಗೆದು ಹೊಸ ರಿವೆಟ್ ಕೂರಿಸಿದರು. ಒಳಗೆ ಸ್ವರೂಪಾಳ ಅಂಗೈ ಬೆವರಿನಲ್ಲಿ ಜಾರುತ್ತಿತ್ತು, ಇದೂ ಕೆಟ್ಟರೆ ಎಂಬ ಅಂಜಿಕೆ. ಗನ್ ಮೊರೆದು ನಿಂತಿತು. ತಲೆ ದುಂಡಗೆ ಕೂತಿತ್ತು. ಎರಡು ಸಲ ತಟ್ಟಿದಳು. ಅವರಿಬ್ಬರ ಜೋಡಿಯ ಕಡೆಯ ರಿವೆಟ್ ಅದು.

ಹೊರಗೆ ಗನ್ ಕೆಳಗಿಟ್ಟ ಸದ್ದಾಯಿತು. ತಗಡಿಗೆ ಬಾಯಿ ತಾಗಿಸಿ ಅವನು ಪಿಸುಗುಟ್ಟಿದ: "ಸ್ವರೂಪಾ, ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮನೇಗೆ ಬರ್ಲಾ?"

ಕೇಳಿದ್ದು ನಿಜವೋ ಭ್ರಮೆಯೋ ತಿಳಿಯದೆ ಅವಳು ಒಂದು ಸಲ ತಟ್ಟಿದಳು.

ಈ ಬಾರಿ ಅವನು ಭೂಮಯ್ಯನವರಿಗೂ ಕೇಳುವ ಹಾಗೆ ಕೇಳಿದ.

ಅವಳು ತೋಳಿನಿಂದ ಕಣ್ಣೊರೆಸಿಕೊಂಡು ತಟ್ಟಿದಳು. ಒಂದು. ಎರಡು. ಮೂರನೆಯದೂ ಬರುತ್ತದೇನೋ ಎಂದು ಹೊರಗಿನವನು ಉಸಿರು ಬಿಗಿಹಿಡಿದದ್ದು ತಗಡಿನಾಚೆಯಿಂದಲೇ ಅವಳಿಗೆ ಗೊತ್ತಾಯಿತು. ಅವಳು ಗಟ್ಟಿಯನ್ನು ಮಡಿಲಲ್ಲಿಟ್ಟುಕೊಂಡಳು.