ಸ್ವರ ಸುಟ್ಟ ಮಧ್ಯಾಹ್ನ

ಬರ್ಲಿನ್ನಿನ ಆ ಹಳೆಯ ಕಾರ್ಖಾನೆಯಲ್ಲಿ ಹಿಂದೆ ಅಂಗಿಯ ಗುಂಡಿ ತಯಾರಾಗುತ್ತಿತ್ತಂತೆ. ಈಗ ಕೋಣೆಗೊಬ್ಬರಂತೆ ಸಿಂಥಸೈಜರ್ ಇಟ್ಟುಕೊಂಡು ದಿನವಿಡೀ ಒಂದೇ ಸ್ವರ ಎಳೆಯುತ್ತ ಕೂರುತ್ತಾರೆ. ಹಿಮದ ಮಂಕು ಬೆಳಕಿನಲ್ಲಿ ಆ ಗುಂಯ್ ನಾದ ಕೇಳುತ್ತ ಅರೆನಿದ್ದೆಯಲ್ಲಿ ತೇಲುವುದೇ ಅನ್ಸ್‌ಗರ್‌ಗೆ ಪರಮಸುಖ. ಮಂಗಳವಾರ ಮಧ್ಯಾಹ್ನವೂ ಹಾಗೇ ತೇಲುತ್ತಿದ್ದ. ಸ್ವರ ಥಟ್ಟನೆ ನಿಂತಿತು. ಸುಟ್ಟ ವಾಸನೆ ಮೆಟ್ಟಿಲೇರಿ ಬಂತು.

ಸುಟ್ಟದ್ದು ರೋಸ್ವಿತಾಳ ಮಾಡ್ಯೂಲ್, ಸಿಂಥಸೈಜರ್ ಪೆಟ್ಟಿಗೆಯೊಳಗೆ ಕೂತು ಸ್ವರ ಹೊರಡಿಸುವ ಘಟಕ. ಈ ಬಳಗ ಕಟ್ಟಿದ ರೋಸ್ವಿತಾ ಸಾಯುವ ಮುಂಚೆ ಕೈಯಾರೆ ಬೆಸುಗೆ ಹಾಕಿದ್ದು, ಅಂಥದ್ದು ಇನ್ನೊಂದಿಲ್ಲ. ಅದನ್ನು ದೊಡ್ಡ ಪೆಟ್ಟಿಗೆಗೆ ಜೋಡಿಸಿದವಳು ಹೊಸಬಳು, ಸ್ವಾಂತ್ಯೆ. ಕೇಬಲ್ ತಿರುಗಿಸಿ ಹಾಕಿ ಸುಟ್ಟಳೆಂದು ತೀರ್ಮಾನವಾಯಿತು. ಗುರುವಾರದೊಳಗೆ ಕೋಣೆ ಖಾಲಿ ಮಾಡು ಎಂದರು ಬಳಗದವರು.

ಅವಳು ಮೇಲಿನ ಮಹಡಿಗೆ ಬಂದಳು. ಅಲ್ಲಿದ್ದವರು ಥೋಮ್ಸ್, ನಿವೃತ್ತ ರೇಡಿಯೋ ರಿಪೇರಿಯವರು; 'ಫ್ರಾವ್', ಅಂದರೆ ಅಮ್ಮಾವ್ರು, ಅಂತಲೇ ಎಲ್ಲರೂ ಕರೆಯುವ ಹೆಂಗಸು. ಕಾರ್ಖಾನೆಯಲ್ಲಿ ಏನು ಕಳೆದರೂ ಕೆಟ್ಟರೂ ಪತ್ತೆ ಹಚ್ಚುವುದು ಅವರೇ. ಅನ್ಸ್‌ಗರ್ ಅವರ ಬಲಗೈ.

"ಪ್ಲಗ್ ಕಿತ್ತೇ ಕೆಲ್ಸ ಮಾಡ್ದೆ, ಫ್ರಾವ್. ಕೇಬಲ್ ಅಂಚಿನ ಕೆಂಪು ಗೆರೆ ಕೆಳಗೇ ಇತ್ತು, ಮೈನಸ್ ಕಡೆಗೆ. ಜಾಗ ಸಾಲ್ದೆ ಕೇಬಲ್ನ ಎರಡು ಸಲ ಮಡಚಿ ತುರುಕ್ದೆ. ಇಲ್ಲ... ನಾನೇ ತಪ್ಪು ಮಾಡಿರ್ಬೇಕು."

"ಸುಟ್ಟಾಗ ಯಾರಿದ್ರಮ್ಮ?"

"ಎಲ್ರೂ. ನನ್ನನ್ನ ಅಡುಗೆಮನೆಗೆ ಕರ್ಕೊಂಡು ಹೋದ್ರು. ಕರೆಂಟ್ ತೆಗೀತೀನಿ ಅಂತ ಲುಡ್ಗರ್ ಒಬ್ರೇ ಉಳಿದ್ರು. ಆಮೇಲೆ ಬಂದೋರೇ, 'ಕೆಂಪು ಗೆರೆ ಮೇಲಕ್ಕೆ ಹಾಕಿದೀಯಲ್ಲೇ ಕತ್ತೆ' ಅಂತ ಬೈದ್ರು."

ಲುಡ್ಗರ್ ಎಂದರೆ ಆ ಕಾರ್ಖಾನೆಗೆ ಕೇಬಲ್ ಮಾಡಿಕೊಡುವವರು. ಅಲ್ಲಿನ ಪ್ರತಿ ಕೇಬಲ್ಲೂ ಅವರ ಕೈಯದೇ.

"ಪೆಟ್ಟಿಗೆ ಬಿಚ್ಚಿದ್ದು ಯಾವಾಗ?"

"ಸಂಜೆ, ಎಲ್ರ ಮುಂದೆ."

ಥೋಮ್ಸ್ ಕೆಳಗಿಳಿದು ಪೆಟ್ಟಿಗೆಯೊಳಗೆ ಇಣುಕಿದರು. ಕೆಂಪು ಗೆರೆ ನಿಜಕ್ಕೂ ಮೇಲಕ್ಕಿತ್ತು.

"ಹುಡುಗಿ ಸಿಕ್ಕಿಬಿದ್ಲು, ಪಾಪ," ಅಂದ ಅನ್ಸ್‌ಗರ್.

ಥೋಮ್ಸ್ ಚಪ್ಪಟೆ ಕೇಬಲ್ಲಿನ ಉದ್ದಕ್ಕೂ ಬೆರಳಾಡಿಸಿದರು. "ಎಷ್ಟು ನುಣುಪಾಗಿದೆ ನೋಡೋ," ಅಂದರು.

ಗುರುವಾರ ಮಧ್ಯಾಹ್ನ ಥೋಮ್ಸ್ ಎಲ್ಲರನ್ನೂ ಕಾಫಿಗೆ ಕರೆದರು. ಪ್ಲಮ್ ಕೇಕ್ ಹಂಚಿದ ಮೇಲೆ ಮಾತು ತೆಗೆದರು.

"ಇಂಥ ಕೇಬಲ್ ಒಮ್ಮೆ ಮಡಚಿದ್ರೆ ಗುರುತು ಹೋಗಲ್ಲ. ಸ್ವಾಂತ್ಯೆ ಎರಡು ಸಲ ಮಡಚಿದ್ಳು. ಒಳಗಿರೋದ್ರಲ್ಲಿ ಒಂದು ಮಡಿಕೆಯೂ ಇಲ್ಲ. ಅಂದ್ರೆ ಅದು ಅವಳು ಹಾಕಿದ ಕೇಬಲ್ಲೇ ಅಲ್ಲ. ಸಂಜೆ ಬಿಚ್ಚಿದ ಪೆಟ್ಟಿಗೆಯೊಳಗಿನ ಗೆರೆ ಮಧ್ಯಾಹ್ನವೇ ನಿಮಗೆ ಹೇಗೆ ಕಾಣಿಸ್ತು, ಲುಡ್ಗರ್?"

ಲುಡ್ಗರ್ ಫೋರ್ಕ್ ಕೆಳಗಿಟ್ಟರು.

"ಹಳೇ ಕೇಬಲ್ನ ನೀವು ಖಂಡಿತ ಬಿಸಾಕಿರೋದಿಲ್ಲ. ಎಲ್ಲಿ ತಪ್ಪಿದೆ ಅಂತ ನೋಡೋತನಕ ಕೇಬಲ್ ಮಾಡೋರ ಜೀವಕ್ಕೆ ಸಮಾಧಾನ ಇರಲ್ಲ."

ಲುಡ್ಗರ್ ಕೋಟಿನ ಜೇಬಿನಿಂದ ಒಂದು ಕೇಬಲ್ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಎರಡು ಮಡಿಕೆಗಳಿದ್ದವು. ಥೋಮ್ಸ್ ಎರಡೂ ತುದಿಗೆ ಮೀಟರ್ ಹಿಡಿದು ನೋಡಿ ತಲೆಯಾಡಿಸಿದರು.

"ಕರೆಂಟ್ ಕೊಡೋ ಬೋರ್ಡಿನ ಸಾಕೆಟ್ಟಿಗೆ ಕಚ್ಚು ಇದೆ, ಕೇಬಲ್ಲಿನ ತುದಿಗೆ ಉಬ್ಬು. ಅಲ್ಲಿ ತಿರುಗಿಸಿ ಹಾಕೋಕೇ ಆಗಲ್ಲ. ರೋಸ್ವಿತಾಳ ಮಾಡ್ಯೂಲಿಗೆ ಬರೀ ಪಿನ್ನು, ಕೆಂಪು ಗೆರೆಯೊಂದೇ ದಿಕ್ಕು. ಕೆಂಪು ಅಂದ್ರೆ ಮೈನಸ್ ಅಂತ ನಾವೆಲ್ಲ ನಂಬ್ತೀವಿ. ಈ ಕೇಬಲ್ಲಿಗೆ ಮಾತ್ರ ಬೋರ್ಡಿನ ಕಡೆಯ ತುದಿಯನ್ನ ಮಾಡುವಾಗಲೇ ತಿರುಗಿಸಿ ಒತ್ತಿ ಕೂರಿಸಿದಾರೆ, ಉಬ್ಬು ಎದುರು ಕಡೆಗೆ ಹೋಗಿದೆ. ಕೆಂಪು ಎಳೆ ಪ್ಲಸ್ ಮೇಲೆ ಕೂತಿದೆ. ಹುಡುಗಿ ಸರಿಯಾಗಿ ಹಾಕಿದ್ರಿಂದಲೇ ಸುಟ್ಟಿದ್ದು."

"ಈ ಕಾರ್ಖಾನೆಯ ಇನ್ನೂರು ಕೇಬಲ್ಲೂ ನಂದು," ಅಂದರು ಲುಡ್ಗರ್. "ಒಂದು ತಪ್ಪು ಅಂದ್ರೆ ಎಲ್ಲಾನೂ ಕಿತ್ತು ಬಿಸಾಕ್ತೀರಿ ಅನ್ನಿಸ್ತು. ಅದಕ್ಕೇ ಅದನ್ನ ಕಿತ್ತು, ಇನ್ನೊಂದು ಒಳ್ಳೇ ಕೇಬಲ್ನ ತಿರುಗಿಸಿ ಹಾಕ್ದೆ. ಸ್ವಾಂತ್ಯೆ, ಕೋಣೆ ನಿನ್ನದೇ ಕಣೇ. ಮಾಡ್ಯೂಲ್ ನಾನು ಹೇಗಾದ್ರೂ ಸರಿ ಮಾಡ್ತೀನಿ."

ಅನ್ಸ್‌ಗರ್‌ನ ಕಣ್ಣು ತುಂಬಿ ಬಂತು. ಸ್ವಾಂತ್ಯೆ ಮಾತ್ರ ಅಳಲಿಲ್ಲ.

"ಗೆರೆ ಕೆಳಗಿದ್ದದ್ದು ನಾನೇ ಕಣ್ಣಾರೆ ನೋಡಿದ್ದೆ," ಅಂದಳು. "ಆದ್ರೂ ನೀವು ಹೇಳಿದ್ರಿ ಅಂತ, ಎರಡು ದಿನದಿಂದ ನನ್ನ ಕಣ್ಣನ್ನೇ ಸುಳ್ಳು ಅಂದ್ಕೊಂಡಿದ್ದೆ. ಅದನ್ನ ಹೇಗೆ ಸರಿ ಮಾಡ್ತೀರಿ?"